ಬಿಡುವುದು ಬೇರೆ, ಬಚ್ಚಿಡುವುದು ಬೇರೆ

ಮೊನ್ನೆ ಐದನೆಯ ಇಯತ್ತೆಯ ನನ್ನ ಮೊಮ್ಮಗಳು ಒಂದು ಹಾಳೆ ಹಿಡಿದುಕೊಂಡು ಬಂದಳು. ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದ್ದರಂತೆ. ಹೆಸರಿನ ಕೆಳಗೆ ಅವರವರ ಕಸುಬನ್ನೂ ಬರೆಯಬೇಕು. ಅವಳ ಅಪ್ಪನದು, ನನ್ನದು, ನನ್ನ ತಂದೆಯವರದು ಸುಲಭವಾಗಿ ತುಂಬಿತು. “ಅಜ್ಜಾ, ನಿಮ್ಮ ಅಜ್ಜ ಏನು ಮಾಡುತ್ತಿದ್ದರು?” ಎಂದಾಗ ಮಾತ್ರ ನಾನು ತಡವರಿಸಿದೆ.

ನಾನು ಚಿಕ್ಕವನಿದ್ದಾಗ ಇದೇ ಪ್ರಶ್ನೆಗೆ ತಂದೆಯವರು, “ಕೃಷಿ ಎಂದು ಬರೆ” ಎಂದಿದ್ದರು. ಅಜ್ಜನಿಗೆ ಅಂಗೈ ಅಗಲದಷ್ಟೂ ಸ್ವಂತ ಭೂಮಿ ಇರಲಿಲ್ಲ. ಅವರು ಮೂರ್ತೆದಾರರು, ಉಡುಪಿಯ ಕಡೆಯ ಹಳ್ಳಿಯೊಂದರಲ್ಲಿ ತಾಳೆಮರ ಹತ್ತಿ ಕಳ್ಳು ಇಳಿಸುತ್ತಿದ್ದರು.

ಹಿರಿಯರ ಕಸುಬಿಗೆ ನಾವು ಸಲ್ಲಿಸಬೇಕಾದ ಋಣ ಯಾವುದು? ಅದನ್ನು ಮುಂದುವರಿಸುವುದೇ? ಬಿಟ್ಟರೆ ತಪ್ಪೇ? ಬಿಟ್ಟದ್ದನ್ನು ಹೇಳದೆ ಇದ್ದರೆ? ಈ ಪ್ರಶ್ನೆಗಳು ನನ್ನನ್ನು ಮೊದಲು ಕಾಡಿದ್ದು ಊರಿನಲ್ಲಲ್ಲ, ಈ ಮುಂಬಯಿಯಲ್ಲೂ ಅಲ್ಲ, ದೂರದ ಬ್ರಸೆಲ್ಸ್ ನಗರದಲ್ಲಿ.

ಕೆಲವು ವರ್ಷಗಳ ಹಿಂದೆ ಮಗಳ ಮನೆಗೆಂದು ಅಲ್ಲಿಗೆ ಹೋಗಿದ್ದೆವು. ಒಂದು ದಿನ ಅಳಿಯ, ಆಂಡರ್ಲೆಕ್ಟ್ ಎಂಬ ಭಾಗದಲ್ಲಿರುವ ಕಾಂತಿಯೋನ್ ಮನೆತನದ ಬಿಯರ್ ಕಾರ್ಖಾನೆಗೆ ಹೋಗೋಣವೆಂದರು. ನಾನು ಕುಡಿಯುವವನಲ್ಲ. “ನೋಡುವುದಕ್ಕೇನು ಮಾವ, ಅದೊಂದು ವಸ್ತುಸಂಗ್ರಹಾಲಯವೂ ಹೌದು” ಎಂದು ಅವರು ಒತ್ತಾಯಿಸಿದ್ದರಿಂದ ಹೊರಟೆ.

1900ರಲ್ಲಿ ಪಾಲ್ ಕಾಂತಿಯೋನ್ ಎಂಬಾತ ಪತ್ನಿಯೊಡನೆ ಆರಂಭಿಸಿದ ಉದ್ಯೋಗ ಅದು. ಮೊದಮೊದಲು ಬೇರೆಯವರು ತಯಾರಿಸಿದ ಬಿಯರನ್ನು ಕೊಂಡು, ಬೆರೆಸಿ, ಮಾರುತ್ತಿದ್ದರು. ಮಕ್ಕಳು ರಾಬರ್ಟ್ ಮತ್ತು ಮಾರ್ಸೆಲ್ ಕೈಗೂಡಿಸಿದ ಮೇಲೆ, ಎರಡನೆಯ ಮಹಾಯುದ್ಧಕ್ಕೆ ತುಸು ಮುಂಚೆ, ತಾವೇ ತಯಾರಿಸತೊಡಗಿದರು. ಮಾರ್ಸೆಲನ ತರುವಾಯ ಕಸುಬು ಅವನ ಮಗಳು ಕ್ಲೋದ್‌ಳ ಗಂಡ ಝಾಂ-ಪಿಯೇರ್ ವಾನ್ ರೋಯ್ ಅವರ ಕೈಗೆ ಬಂತು. ಆಮೇಲೆ ಅವರ ಮಗ ಝಾಂ ಅವರ ಕೈಗೆ. ಮನೆತನದ ಅಡ್ಡಹೆಸರು ಬದಲಾದರೂ ಬಾಗಿಲ ಮೇಲಿನ ಹೆಸರು ಬದಲಾಗಲಿಲ್ಲ. ಹೆಣ್ಣಿನ ಮೂಲಕ ಮನೆ ಬೆಳೆಯುವ ಅಳಿಯಕಟ್ಟಿನ ಸೀಮೆಯವನಾದ ನನಗೆ ಇದರಲ್ಲಿ ಸೋಜಿಗವೇನೂ ಕಾಣಲಿಲ್ಲ.

ಸೋಜಿಗವಾದದ್ದು ಅವರ ವಿಧಾನ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಎರಡು ಪಾಲು, ಹಸಿ ಗೋಧಿ ಸುಮಾರು ಒಂದು ಪಾಲು. ಅದರ ರಸಕ್ಕೆ ಹಾಪ್ಸ್ ಎಂಬ ಕಹಿ ಹೂವನ್ನು, ಅದೂ ಕೆಲವು ವರ್ಷ ಇಟ್ಟು ಹಳತಾದದ್ದನ್ನು, ಹಾಕಿ ತಾಸುಗಟ್ಟಲೆ ಕುದಿಸುತ್ತಾರೆ. ಮತ್ತೆ ಆ ಬಿಸಿ ರಸವನ್ನು ಅಟ್ಟದ ಮೇಲೆ, ಮಾಡಿನ ಕೆಳಗೆ ಇರುವ ಅಗಲವಾದ ತಾಮ್ರದ ಹರಿವಾಣದಲ್ಲಿ ರಾತ್ರಿಯಿಡೀ ತೆರೆದಿಡುತ್ತಾರೆ. ಹೊರಗಿನಿಂದ ಹುಳಿಹಿಟ್ಟು ಹಾಕುವುದಿಲ್ಲ. ಗಾಳಿಯಲ್ಲಿ, ತೊಲೆಗಳಲ್ಲಿ, ಹಳೆಯ ಪೀಪಾಯಿಗಳಲ್ಲಿ ಮನೆಮಾಡಿರುವ ಸೂಕ್ಷ್ಮಜೀವಿಗಳೇ ಬಂದು ಅದನ್ನು ಹುಳಿಸುತ್ತವೆ. ಆದ್ದರಿಂದ ಚಳಿಯ ತಿಂಗಳುಗಳಲ್ಲಿ ಮಾತ್ರ ಈ ಕೆಲಸ. 2015ರ ನವೆಂಬರಿನಲ್ಲಿ ಹವೆ ಬೆಚ್ಚಗಾಯಿತೆಂದು ಕೆಲಸ ನಿಲ್ಲಿಸಬೇಕಾಯಿತು. ಅಲ್ಲಿ ಜೇಡರ ಬಲೆಯನ್ನೂ ತೆಗೆಯುವುದಿಲ್ಲ. ಹಣ್ಣಿನ ನೊಣಗಳನ್ನು ಹಿಡಿಯುವುದು ಜೇಡರ ಪಾಲಿನ ಕೆಲಸ. ಒಂದು, ಎರಡು, ಮೂರು ವರ್ಷ ಪೀಪಾಯಿಯಲ್ಲಿ ಮಾಗಿದ್ದನ್ನು ಹದವರಿತು ಬೆರೆಸಿ ಸೀಸೆಗೆ ತುಂಬುತ್ತಾರೆ.

ಇಪ್ಪತ್ತನೆಯ ಶತಮಾನದ ನಡುಗಾಲ ದಾಟಿದ ಮೇಲೆ ಜನರ ನಾಲಗೆ ಸಿಹಿಗೆ ತಿರುಗಿತು. ಇಂಥ ಬಿಯರಿಗೆ ಹಲವು ತಯಾರಕರು ಸಕ್ಕರೆ ಬೆರೆಸಿದರು. ಅನೇಕ ಮನೆತನಗಳು ಬಾಗಿಲು ಹಾಕಿದವು. ಕಾಂತಿಯೋನ್ ಮನೆಗೂ ಕಷ್ಟ ತಪ್ಪಲಿಲ್ಲ. ಕೊನೆಗೆ ಅವರು ಹಿಡಿದು ನಿಂತದ್ದು ಹುಳಿಯ ದಾರಿಯನ್ನೇ. 1978ರಲ್ಲಿ ಕೆಲಸದ ಮನೆಯನ್ನೇ ವಸ್ತುಸಂಗ್ರಹಾಲಯ ಮಾಡಿ, “ಬನ್ನಿ, ನಮ್ಮ ಕಸುಬು ನೋಡಿ” ಎಂದು ಊರಿಗೆಲ್ಲ ಬಾಗಿಲು ತೆರೆದರು.

ಪೀಪಾಯಿಗಳ ಸಾಲಿನಲ್ಲಿ ನಡೆಯುತ್ತಿದ್ದಾಗ ಆ ಹುಳಿವಾಸನೆ ನನ್ನನ್ನು ತಟ್ಟನೆ 1970ರ ಬೇಸಗೆ ರಜೆಗೆ ಒಯ್ದಿತು. ಹುಳಿಹಿಟ್ಟು ಹಾಕದೆಯೇ ಮಡಕೆಯಲ್ಲಿ ನೊರೆಯೇಳುವ ಕಳ್ಳು. ಕಾಲಿಗೆ ಹಗ್ಗದ ಬಳೆ ಹಾಕಿ ಮರವೇರುತ್ತಿದ್ದ ಅಜ್ಜ. ಹೊಂಬಾಳೆಯನ್ನು ಎಲುಬಿನ ತುಂಡಿನಿಂದ ಮೆಲ್ಲನೆ ತಟ್ಟುತ್ತಿದ್ದ ಸದ್ದು. ಎಷ್ಟು ತಟ್ಟಬೇಕು, ಎಷ್ಟು ತೆಳ್ಳಗೆ ಕೊಯ್ಯಬೇಕು ಎಂಬುದು ಅವರ ಕೈಗೆ ಗೊತ್ತಿತ್ತು. ಅದೇ ವಿದ್ಯೆ ಇಲ್ಲಿ ಟಿಕೇಟು ಕೊಟ್ಟು ನೋಡುವ ವಸ್ತು. ನಮ್ಮ ಮನೆಯಲ್ಲಿ ಆ ಕತ್ತಿ ತಂದೆಯವರ ಟ್ರಂಕಿನ ತಳ ಸೇರಿತ್ತು.

ಹಾಗೆಂದು ತಂದೆಯವರನ್ನು ದೂಷಿಸಲೇ? ಅಲ್ಲಿಯ ಮಕ್ಕಳಿಗೆ ಆಯ್ಕೆಯಿತ್ತು. ನಮ್ಮಲ್ಲಿ ಕಸುಬು ಹುಟ್ಟಿನೊಡನೆ ಹೆಗಲೇರುತ್ತಿತ್ತು. ಕಾಲು ಜಾರಿದರೆ ಸಾವು, ಜಾರದಿದ್ದರೆ ಜನರ ತಾತ್ಸಾರ. ತಂದೆಯವರು ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಕಲಿತು ಗುಮಾಸ್ತರಾದವರು. 1949ರಲ್ಲಿ ಪಾನನಿರೋಧದ ಕಾಯಿದೆ ಬಂದ ಈ ನಗರದಲ್ಲಿ ಕಳ್ಳಿನ ಹೆಸರೆತ್ತುವುದೇ ಅಂಜಿಕೆಯ ಮಾತಾಗಿತ್ತು. ಅವರು ಸುಳ್ಳು ಬರೆಸಿದ್ದು ನನ್ನ ತಲೆ ತಗ್ಗದಿರಲೆಂದು.

ಇನ್ನೊಂದು ಮಾತೂ ಇದೆ. 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠೆ ಮಾಡಿದ ನಾರಾಯಣಗುರುಗಳು, ಮದ್ಯವನ್ನು ಮಾಡಬೇಡಿ, ಕೊಡಬೇಡಿ, ಕುಡಿಯಬೇಡಿ ಎಂದೇ ಬೋಧಿಸಿದರು. ಅವರು ನೋಡಿದ್ದು ಕುಡಿತದಿಂದ ಮುರಿದ ಮನೆಗಳನ್ನು. ಅಜ್ಜನ ಕೈಯ ಕಳ್ಳು ಯಾರ ಮನೆಯ ಅಕ್ಕಿಯ ದುಡ್ಡನ್ನು ನುಂಗಿತೋ ಹೇಳಬಲ್ಲವರಾರು? ಅಪ್ಪ ನೆಟ್ಟ ಆಲದ ಮರವೆಂದು ನೇಣು ಹಾಕಿಕೊಳ್ಳಬೇಕಾಗಿಲ್ಲ. ಕಸುಬು ಬಿಟ್ಟದ್ದು ಸರಿಯೆಂದೇ ನನ್ನ ನಂಬಿಕೆ. ಬ್ರಸೆಲ್ಸಿನ ಆ ಮನೆತನದ ನಿಷ್ಠೆಯನ್ನು ಮೆಚ್ಚಿದರೂ, ಅವರು ಕೊಟ್ಟ ಲೋಟವನ್ನು ನಾನು ಮುಟ್ಟಲಿಲ್ಲ.

ಆದರೆ ಬಿಡುವುದು ಬೇರೆ, ಬಚ್ಚಿಡುವುದು ಬೇರೆ. ಕಸುಬಿನ ಗುಣದೋಷವನ್ನು ತೂಗುವ ಅಧಿಕಾರ ನಮಗುಂಟು. ಕಸುಬುದಾರನನ್ನೇ ಅಳಿಸಿಹಾಕುವ ಅಧಿಕಾರವಿಲ್ಲ. ಅಜ್ಜ ಮರ ಹತ್ತಿದ್ದರಿಂದಲೇ ತಂದೆಯವರ ಮುಂಬಯಿಯ ದಾರಿಖರ್ಚು ಹುಟ್ಟಿತು. ಆ ಅನ್ನ ಉಂಡು ಬೆಳೆದವರು “ಕೃಷಿ” ಎಂದು ಬರೆದರೆ, ಅಜ್ಜನನ್ನು ತಾತ್ಸಾರ ಮಾಡಿದವರ ಮಾತಿಗೆ ನಾವೇ ರುಜು ಹಾಕಿದಂತಾಗುತ್ತದೆ. ತಂದೆಯವರಿಗೆ ಆ ಸುಳ್ಳು ಬೇಕಾಗಿತ್ತು. ನನಗೆ ಬೇಕಾಗಿಲ್ಲ, ಬೇಡವಾಗುವಂತೆ ಮಾಡಿದವರೂ ಅವರೇ.

ಹೊರನಾಡಿಗೆ ಬಂದ ನಮ್ಮಲ್ಲಿ ಇಂಥ ಟ್ರಂಕು ಇಲ್ಲದ ಮನೆ ಅಪರೂಪ. ಒಬ್ಬರ ಟ್ರಂಕಿನಲ್ಲಿ ಕತ್ತಿಯಿದ್ದರೆ ಇನ್ನೊಬ್ಬರದರಲ್ಲಿ ಬಲೆ, ಮತ್ತೊಬ್ಬರದರಲ್ಲಿ ಎಂಜಲೆಲೆ ಎತ್ತಿದ ದಿನಗಳ ನೆನಪು. ಮಕ್ಕಳಿಗೆ ಭಾಷೆ ಉಳಿಸಬೇಕೆಂದು ಸಭೆಗಳಲ್ಲಿ ಹೇಳುತ್ತೇವೆ. ಆ ಭಾಷೆಯಲ್ಲಿ ಬದುಕಿದವರು ಹೇಗೆ ದುಡಿದರೆಂದು ಹೇಳದಿದ್ದರೆ ಮಕ್ಕಳಿಗೆ ಸಿಗುವುದು ಬರೇ ಅಕ್ಷರ.

ಅಂದು ನಾನು ಟ್ರಂಕು ತೆಗೆದು ತುಕ್ಕು ಹಿಡಿದ ಕತ್ತಿಯನ್ನು ಮೊಮ್ಮಗಳಿಗೆ ತೋರಿಸಿದೆ. ಅಜ್ಜನ ವಿಷಯವನ್ನೂ ಹೇಳಿದೆ, ಗುರುಗಳ ಮಾತನ್ನೂ ಹೇಳಿದೆ. ಅವಳು ಎಲ್ಲವನ್ನೂ ಕೇಳಿ, “ಹಾಗಾದರೆ ಏನೆಂದು ಬರೆಯಲಿ?” ಎಂದಳು.

“ಕಳ್ಳು ಇಳಿಸುತ್ತಿದ್ದರು ಎಂದೇ ಬರೆ ಮಗಾ” ಎಂದೆ.