ಹೆಸರು ಯಾರ ಪಾಲಿನದು?

ಗ್ರೀಕ್ ವೀರ ಥೀಸಿಯಸನ ಹಡಗಿನ ವೃತ್ತಾಂತವನ್ನು ಪ್ಲುಟಾರ್ಕನು ಹೇಳಿದ್ದಾನೆ. ಅಥೆನ್ಸಿನವರು ಅದನ್ನು ಕಾಪಾಡುತ್ತ, ಹಲಗೆ ಕೊಳೆತಂತೆಲ್ಲ ಹೊಸ ಹಲಗೆಯನ್ನು ಜೋಡಿಸುತ್ತ ಬಂದರು. ಉಳಿದುದು ಹಳೆಯ ಹಡಗೇ, ಬೇರೆಯದೇ ಎಂದು ತಾರ್ಕಿಕರು ಎರಡು ಪಕ್ಷವಾದರು. 17ನೆಯ ಶತಮಾನದಲ್ಲಿ ಹಾಬ್ಸ್ ಎಂಬ ಆಂಗ್ಲ ತತ್ತ್ವಜ್ಞನು ಈ ಗಂಟನ್ನು ಇನ್ನಷ್ಟು ಬಿಗಿಗೊಳಿಸಿದನು: ತೆಗೆದ ಹಲಗೆಗಳನ್ನೆಲ್ಲ ಒಬ್ಬನು ಕೂಡಿಟ್ಟು, ಅದೇ ಕ್ರಮದಲ್ಲಿ ಜೋಡಿಸಿ ಇನ್ನೊಂದು ಹಡಗನ್ನು ಕಟ್ಟಿದರೆ, ಥೀಸಿಯಸನದು ಯಾವುದು? ತರಗತಿಯಲ್ಲಿ ಇದನ್ನು ಕೇಳಿದರೆ ವಿದ್ಯಾರ್ಥಿಗಳು ನಕ್ಕಾರು. ಹಳೆಯ ಹಲಗೆಗಳನ್ನು ಕೂಡಿಡುವವರು ಯಾರಿದ್ದಾರೆ ಎಂದಾರು. ಆದರೆ ಮನುಷ್ಯರೇ ಹಲಗೆಗಳಾದಾಗ ಅಂಥದು ನಡೆದುಹೋಗಿದೆ.

1968ರಲ್ಲಿ ಲಂಡನ್ನಿನಲ್ಲಿ 'ಯೆಸ್' ಎಂಬ ರಾಕ್ ಸಂಗೀತದ ತಂಡವೊಂದು ಹುಟ್ಟಿತು. ಹೆಸರಿನ ಅರ್ಥ 'ಹೌದು'. ಮುಂದೆ ಅದರ ಸುತ್ತ ಎದ್ದುದೆಲ್ಲ ಹೌದು-ಅಲ್ಲಗಳ ವಾದವೇ. ಗಾಯಕರು ಜಾನ್ ಆಂಡರ್ಸನ್, ಬಾಸ್ ಗಿಟಾರಿಗೆ ಕ್ರಿಸ್ ಸ್ಕ್ವಯರ್, ಗಿಟಾರಿಗೆ ಪೀಟರ್ ಬ್ಯಾಂಕ್ಸ್, ಕೀಬೋರ್ಡಿಗೆ ಟೋನಿ ಕೇ, ಡ್ರಮ್ಮಿಗೆ ಬಿಲ್ ಬ್ರೂಫರ್ಡ್. 1970ರಲ್ಲಿ ಬ್ಯಾಂಕ್ಸರ ಸ್ಥಾನಕ್ಕೆ ಸ್ಟೀವ್ ಹೌ, ಮರುವರ್ಷ ಕೇ ಅವರ ಸ್ಥಾನಕ್ಕೆ ರಿಕ್ ವೇಕ್‌ಮನ್, 1972ರಲ್ಲಿ ಬ್ರೂಫರ್ಡರ ಸ್ಥಾನಕ್ಕೆ ಅಲನ್ ವೈಟ್ ಬಂದರು. ಐದರಲ್ಲಿ ಮೂರು ಹಲಗೆಗಳು ಬದಲಾದವು. ತಂಡದ ಕೀರ್ತಿ ಬೆಳೆದುದು ಆ ವರ್ಷಗಳಲ್ಲಿಯೇ. ನಮ್ಮ ಶಾಲೆಗಳಿಂದ ಪ್ರತಿವರ್ಷವೂ ಒಂದು ತರಗತಿ ಹೊರಟುಹೋಗುತ್ತದೆ. ಶಾಲೆ ಬೇರೆಯಾಯಿತೆಂದು ನಾವು ಹೇಳುವೆವೆ?

1989ರಲ್ಲಿ ಹಾಬ್ಸನ ಹಡಗು ನಿಜವಾಗಿಯೇ ನೀರಿಗಿಳಿಯಿತು. ಆಂಡರ್ಸನ್, ಬ್ರೂಫರ್ಡ್, ವೇಕ್‌ಮನ್, ಹೌ ಈ ನಾಲ್ವರು ಒಂದುಗೂಡಿದರು. 1972ರ ಮೊದಲ ಭಾಗದ ತಂಡದಲ್ಲಿ ಇವರಲ್ಲದೆ ಇದ್ದವರು ಸ್ಕ್ವಯರ್ ಒಬ್ಬರೇ. ಹೆಸರು ಮಾತ್ರ ಆ ಒಬ್ಬರಿದ್ದ ಪಕ್ಷದಲ್ಲಿತ್ತು. ಆದುದರಿಂದ ನಾಲ್ವರೂ ತಮ್ಮ ತಮ್ಮ ಹೆಸರುಗಳನ್ನೇ ವಕೀಲರ ಕಚೇರಿಯ ಫಲಕದಂತೆ ಸಾಲಾಗಿ ಅಚ್ಚುಹಾಕಿಸಿ ಧ್ವನಿಮುದ್ರಿಕೆಯನ್ನು ಹೊರತಂದರು. 1991ರಲ್ಲಿ ಎರಡು ಪಕ್ಷಗಳೂ ಸೇರಿ, ಎಂಟು ಮಂದಿಯ ತಂಡವಾಗಿ 'ಯೂನಿಯನ್' ಎಂಬ ಧ್ವನಿಮುದ್ರಿಕೆ ಬಂದಿತು. ಇದು ರಾಜಿಯೇ ಹೊರತು ಉತ್ತರವಲ್ಲ.

ಹಡಗೆಂದರೆ ಹಲಗೆಗಳ ಮೊತ್ತವಲ್ಲ, ಅದು ನಡೆದುಬಂದ ದಾರಿಯೂ ಹೌದು. ಆದುದರಿಂದ ಹೆಸರು ಬಿಡದೆ ನಡೆದವರಿಗೆ ಸಲ್ಲಬೇಕೆಂದು ನಮಗೆ ತೋರುತ್ತದೆ. 2015ರಲ್ಲಿ ತೀರಿಕೊಳ್ಳುವವರೆಗೆ ತಂಡದ ಪ್ರತಿಯೊಂದು ಧ್ವನಿಮುದ್ರಿಕೆಯಲ್ಲಿಯೂ ನುಡಿಸಿದವರು ಸ್ಕ್ವಯರ್ ಒಬ್ಬರೇ. ಆದರೆ ಇದಕ್ಕೆ ಬಲವಾದ ಆಕ್ಷೇಪವೊಂದುಂಟು. 1981ರಲ್ಲಿ ತಂಡವೇ ಮುರಿದಿತ್ತು. ಸ್ಕ್ವಯರ್ ಮತ್ತು ವೈಟ್ 'ಸಿನೆಮಾ' ಎಂಬ ಹೆಸರಿನಿಂದ ಬೇರೊಂದು ಗುಂಪು ಕಟ್ಟಿದರು. 1983ರಲ್ಲಿ ಆಂಡರ್ಸನ್ ಬಂದು ಸೇರಿದ ಮೇಲೆಯೇ ಹಳೆಯ ಹೆಸರು ಮರಳಿತು. ದಾರಿಯೊಂದೇ ಸಾಕಾಗಿದ್ದರೆ ಆ ಕಂಠಕ್ಕಾಗಿ ಕಾಯಬೇಕಾಗಿರಲಿಲ್ಲ.

ಇಲ್ಲಿಯವರೆಗೆ ಇದು ತರ್ಕ. 2008ರಲ್ಲಿ ನಡೆದುದು ತರ್ಕಕ್ಕೆ ಮಾತ್ರ ಸೇರಿದುದಲ್ಲ. ಆ ವರ್ಷ ಆಂಡರ್ಸನ್ನರಿಗೆ ಉಸಿರಾಟದ ತೀವ್ರ ತೊಂದರೆಯುಂಟಾಗಿ ಪ್ರವಾಸ ನಿಂತಿತು. ಅವರು ಚೇತರಿಸಿಕೊಳ್ಳುತ್ತಿರುವಾಗಲೇ ಉಳಿದವರು ಬೆನ್ವಾ ಡೇವಿಡ್ ಎಂಬ ಕೆನಡಾದ ಗಾಯಕರೊಡನೆ ಹೊರಟರು. ಡೇವಿಡ್ ಅದಕ್ಕೆ ಮೊದಲು ಯೆಸ್ ತಂಡದ ಹಾಡುಗಳನ್ನೇ ಅನುಕರಿಸಿ ಹಾಡುವ ಗುಂಪೊಂದರಲ್ಲಿದ್ದವರು. ಅನುಕರಿಸುವವನು ಮೂಲದಲ್ಲಿ ಸೇರಿದುದನ್ನು ನಾವು ಹೀನಾಯವೆನ್ನಲಾರೆವು. ಗುರುವಿನ ದನಿಯನ್ನು ಅನುಕರಿಸದೆ ಹಾಡು ಕಲಿತವರುಂಟೆ? ಆದರೆ ಬಿಟ್ಟುಹೋದವನೂ ಹಾಸಿಗೆ ಹಿಡಿದವನೂ ಒಂದೇ ಅಲ್ಲ. ಹೋದವನು ಹೆಸರನ್ನು ತಾನಾಗಿ ಇಳಿಸಿಹೋಗುತ್ತಾನೆ. ಮಲಗಿದವನಿಂದ ಅದನ್ನು ತೆಗೆದುಕೊಳ್ಳಲಾಗುತ್ತದೆ. ಮುಪ್ಪಡರುತ್ತಿದ್ದ ವಾದಕರಿಗೆ ಕಾಲ ಕಾಯುವುದಿಲ್ಲವೆಂಬುದೂ ದಿಟವೇ. ಆದರೂ, ತಂಡ ಅದೇ ತಂಡವೆಂದು ಒಪ್ಪಿದ ಮಾತ್ರಕ್ಕೆ ಅದು ಮಾಡಿದುದು ನ್ಯಾಯವಾಗುವುದಿಲ್ಲ. ಅದೇ ತಂಡವಾದುದರಿಂದಲೇ ಆಂಡರ್ಸನ್ನರ ಋಣವೂ ಅದರ ಮೇಲಿತ್ತು. ಬೇರೆ ತಂಡವಾಗಿದ್ದರೆ ಅವರಿಗೆ ಅದು ಏನನ್ನೂ ಕೊಡಬೇಕಾಗಿರಲಿಲ್ಲ.

2017ರಲ್ಲಿ ಆಂಡರ್ಸನ್, ವೇಕ್‌ಮನ್, ಟ್ರೆವರ್ ರಾಬಿನ್ ತಮ್ಮ ಹೆಸರುಗಳೊಡನೆ 'ಯೆಸ್' ಎಂಬುದನ್ನೂ ಸೇರಿಸಿಕೊಂಡರು. ಹೌ ಮತ್ತು ವೈಟರ ಯೆಸ್ ಆಗಲೂ ನಡೆಯುತ್ತಿದ್ದುದರಿಂದ ಲೋಕದಲ್ಲಿ ಎರಡು ಯೆಸ್‌ಗಳಾದವು. ಅದೇ ವರ್ಷದ ಏಪ್ರಿಲಿನಲ್ಲಿ ಅಮೆರಿಕದ ರಾಕ್ ಸಂಗೀತದ ಗೌರವಮಂದಿರಕ್ಕೆ ತಂಡವನ್ನು ಸೇರಿಸಿಕೊಂಡ ರಾತ್ರಿ ಈ ಐವರೂ ಒಂದೇ ವೇದಿಕೆಯ ಮೇಲೆ ನಿಂತರು. ಸ್ಕ್ವಯರ್ ತೀರಿಕೊಂಡು ಎರಡು ವರ್ಷಗಳಾಗುತ್ತ ಬಂದಿದ್ದವು. 'ರೌಂಡ್ಅಬೌಟ್' ಎಂಬ ಹಾಡಿಗೆ ಅವರ ಬಾಸ್ ಗಿಟಾರಿನ ಭಾಗವನ್ನು ನುಡಿಸಿದವರು ಗೆಡ್ಡಿ ಲೀ, 'ರಷ್' ಎಂಬ ಬೇರೆಯೇ ತಂಡದವರು.