ನೀರು ಕೊಟ್ಟರೂ ತಪ್ಪು

ನನ್ನ ತಂಗಿಯ ಮಗ ಶನಿವಾರ, ಭಾನುವಾರ ಡಿಜೆ ಕೆಲಸ ಮಾಡ್ತಾನೆ. ಅವನು ನುಡಿಸುವ (ಅದನ್ನು ನುಡಿಸೋದು ಅನ್ನಬಹುದೋ ಇಲ್ಲವೋ, ಆ ಜಗಳ ನಮ್ಮ ಮನೇಲಿ ಇನ್ನೂ ಮುಗಿದಿಲ್ಲ) ಎಲೆಕ್ಟ್ರಾನಿಕ್ ಸಂಗೀತ ನನಗೆ ಹಿಡಿಸಿದ್ದಲ್ಲ. ನನ್ನದು ಕಾಳಿಂಗರಾಯರ ಹಾಡಿಗೆ ಪಳಗಿದ ಕಿವಿ. ಹೋದ ಯುಗಾದಿಗೆ ಬಂದವನು ಹೋಳಿಗೆ ತಿನ್ನುತ್ತಾ, "ಮಾಮ, ಅಮೆರಿಕದಲ್ಲಿ ಕುಣಿಯೋರಿಗೆ ನೀರು ಇಟ್ಟಿದ್ದೂ ತಪ್ಪು ಅಂತ ಕೇಸ್ ಹಾಕಿದ್ರು, ಗೊತ್ತಾ?" ಅಂದ. ಸುಮ್ನಿರೋ, ಅಂದೆ. ಆಮೇಲೆ ಓದಿ ನೋಡಿದರೆ, ಹುಡುಗ ಸ್ವಲ್ಪ ಉಪ್ಪುಖಾರ ಹಚ್ಚಿದ್ದ ಅಷ್ಟೇ. ಸುಳ್ಳು ಹೇಳಿರಲಿಲ್ಲ.

ನ್ಯೂ ಆರ್ಲಿಯನ್ಸ್ ನಗರದಲ್ಲಿ ಸ್ಟೇಟ್ ಪ್ಯಾಲೇಸ್ ಅಂತ ಒಂದು ಹಳೆಯ ಥಿಯೇಟರ್. 90ರ ದಶಕದಲ್ಲಿ ಅಲ್ಲಿ ರಾತ್ರಿಯಿಡೀ ರೇವ್ ನಡೀತಿತ್ತು. 1998ರಲ್ಲಿ ಅಲ್ಲಿಗೆ ಬಂದಿದ್ದ 17 ವರ್ಷದ ಹುಡುಗಿಯೊಬ್ಬಳು ಡ್ರಗ್ಸ್ ಹೆಚ್ಚಾಗಿ ತೀರಿಕೊಂಡಳು. ಸರ್ಕಾರದ ತನಿಖೆ ಶುರುವಾಯ್ತು. 2001ರಲ್ಲಿ ಥಿಯೇಟರ್ ನಡೆಸುವವರ ಮೇಲೆ, ಕಾರ್ಯಕ್ರಮದ ಆಯೋಜಕನ ಮೇಲೆ ಕೇಸು ಬಿತ್ತು. ಅವರು ಡ್ರಗ್ಸ್ ಮಾರಿದರು ಅಂತಲ್ಲ. 1986ರಲ್ಲಿ, ಕ್ರ್ಯಾಕ್ ಕೊಕೇನ್ ಮಾರುವ, ಸೇದುವ ಅಡ್ಡೆಗಳನ್ನು ಮುಚ್ಚಿಸೋದಕ್ಕೆ ಒಂದು ಕಾನೂನು ಮಾಡಿದ್ದರು. ಅದನ್ನು ತಂದು ಸಂಗೀತದ ಜಾಗಕ್ಕೆ ಹಚ್ಚಿದರು. ಒಳಗೆ ಡ್ರಗ್ಸ್ ನಡೆಯುತ್ತೆ ಅಂತ ಇವರಿಗೆ ಗೊತ್ತಿತ್ತು ಅನ್ನೋದಕ್ಕೆ ಏನು ಆಧಾರ? ನೀರಿನ ಬಾಟಲಿ ಮಾರುತ್ತಿದ್ದರು, ಕುಣಿದು ಬೆವರಿದವರು ಕೂರೋದಕ್ಕೆ ತಂಪು ಕೋಣೆ ಮಾಡಿದ್ದರು, ಕತ್ತಲಲ್ಲಿ ಹೊಳೆಯುವ ಕಡ್ಡಿ ಮಾರುತ್ತಿದ್ದರು. ಕೊನೆಗೆ ಕಂಪನಿ ತಪ್ಪೊಪ್ಪಿಕೊಂಡು 1 ಲಕ್ಷ ಡಾಲರ್ ದಂಡ ಕಟ್ಟಿತು. ಹೊಳೆಯುವ ಕಡ್ಡಿ, ಮಕ್ಕಳ ನಿಪ್ಪಲ್ ಒಳಗೆ ತರಬಾರದು, ತಂಪು ಕೋಣೆ ಇರಬಾರದು ಅನ್ನೋ ಷರತ್ತುಗಳೂ ಬಂದವು. ಆ ಕಡ್ಡಿ, ನಿಪ್ಪಲ್‌ಗಳ ನಿಷೇಧವನ್ನು ಮುಂದೆ 2002ರಲ್ಲಿ ನ್ಯಾಯಾಧೀಶರೇ ಸಂವಿಧಾನಕ್ಕೆ ವಿರುದ್ಧ ಅಂತ ತಳ್ಳಿಹಾಕಿದರು.

ಕಥೆ ಅಲ್ಲಿಗೆ ಮುಗೀಲಿಲ್ಲ. ಅದೇ 2002ರಲ್ಲಿ, ಆಗ ಸೆನೆಟರ್ ಆಗಿದ್ದ ಜೋ ಬೈಡನ್ 'ರೇವ್ ಆಕ್ಟ್' ಅನ್ನೋ ಮಸೂದೆ ತಂದರು. ಅದರ ಪೀಠಿಕೆಯಲ್ಲೇ ನೀರಿನ ಬಾಟಲಿ, ತಂಪು ಕೋಣೆಯ ಮಾತಿತ್ತು. ಗಲಾಟೆಯಾಗಿ ಆ ವರ್ಷ ಅದು ಪಾಸಾಗಲಿಲ್ಲ. 2003ರಲ್ಲಿ ಪೀಠಿಕೆ ಕಳಚಿ, ಹೆಸರು ಬದಲಾಯಿಸಿ, ಕಾಣೆಯಾದ ಮಕ್ಕಳನ್ನು ಹುಡುಕುವ ಮಸೂದೆಯೊಂದರ ಬಾಲಕ್ಕೆ ಕಟ್ಟಿ ಪಾಸು ಮಾಡಿದರು. ಮಕ್ಕಳ ರಕ್ಷಣೆಗೆ ಬೇಡ ಅನ್ನೋ ಧೈರ್ಯ ಯಾವ ರಾಜಕಾರಣಿಗಿದೆ ಹೇಳಿ! ಒಂದೇ ರಾತ್ರಿಯ ಕಾರ್ಯಕ್ರಮಕ್ಕೂ ಈಗ ಅದು ಅನ್ವಯ. ದಂಡವೂ ಸಣ್ಣದಲ್ಲ.

ಇದನ್ನೆಲ್ಲ ಓದುವಾಗ ನನಗೆ ನೆನಪಾದದ್ದು ನಮ್ಮ ದೊಡ್ಡಪ್ಪನ ಛತ್ರ.

ಊರಲ್ಲಿ ಅವರದೊಂದು ಕಲ್ಯಾಣ ಮಂಟಪ ಇತ್ತು. ಕೆಳಗೆ ವರಪೂಜೆ, ಮಹಡಿಯ ರೂಮಿನಲ್ಲಿ ದುಡ್ಡಿಟ್ಟು ಇಸ್ಪೀಟು. ಯಾವ ಮದುವೆಯಲ್ಲಿ ಇರಲಿಲ್ಲ ಹೇಳಿ? ದೊಡ್ಡಪ್ಪ ರಾತ್ರಿ ಹನ್ನೊಂದಕ್ಕೆ ಟಾರ್ಚ್ ಹಿಡಿದು ಮೇಲೆ ಹತ್ತಿ, "ಸಾಕು ಮಾಡ್ರಪ್ಪಾ, ಬೆಳಗ್ಗೆ ಮುಹೂರ್ತ ಇದೆ" ಅನ್ನೋರು. ಕೆಲವರು ಏಳೋರು, ಕೆಲವರು ಏಳ್ತಿರಲಿಲ್ಲ. ಒಂದು ಕೊಡ ನೀರು ಇಟ್ಟು ಇಳಿಯೋರು. ಒಮ್ಮೆ ಪರಿಚಯದ ವಕೀಲರೊಬ್ಬರು ಹೇಳಿದರಂತೆ: "ನೀವು ಮೇಲೆ ಹೋದ್ರೆ ನೋಡ್ದಂಗಾಯ್ತು. ನೋಡಿದ್ರೆ ಗೊತ್ತಿದ್ದಂಗಾಯ್ತು. ನಾಳೆ ರೈಡ್ ಆದ್ರೆ ನಿಮ್ಮ ಹೆಸರೂ ಸೇರುತ್ತೆ. ಹತ್ತಲೇಬೇಡಿ." ಅವತ್ತಿನಿಂದ ದೊಡ್ಡಪ್ಪ ಹತ್ತಲಿಲ್ಲ.

ಆ ವರ್ಷದ ಒಂದು ಮದುವೆಯಲ್ಲಿ, ಆಟ ಮುಗಿದ ಮೇಲೆ ಅಲ್ಲೇ ಮಲಗಿದ್ದ ಒಬ್ಬರಿಗೆ ರಾತ್ರಿ ಲಕ್ವ ಹೊಡೀತು. ನೋಡಿದ್ದು ಬೆಳಗ್ಗೆ ಕಸ ಗುಡಿಸುವಾಕೆ. ಮನುಷ್ಯ ಬದುಕಿದರು, ಎಡಗೈ ಮಾತ್ರ ಬರಲಿಲ್ಲ. ಕಾನೂನಿನ ಲೆಕ್ಕದಲ್ಲಿ ದೊಡ್ಡಪ್ಪನ ತಪ್ಪು ಏನೂ ಇಲ್ಲ. ಅವರಿಗೆ ಏನೂ 'ಗೊತ್ತಿರಲಿಲ್ಲ'. ಆದರೆ ಸಾಯೋವರೆಗೂ ಅವರು ಆ ಮಾತು ಬಂದಾಗಲೆಲ್ಲ ಎದ್ದು ಹೊರಗೆ ಹೋಗ್ತಿದ್ದರು.

ನನ್ನ ತಕರಾರು ಇರೋದೇ ಇಲ್ಲಿ. ಗೊತ್ತಿರೋದನ್ನೇ ಅಪರಾಧ ಮಾಡಿದರೆ, ಜನ ಗೊತ್ತು ಮಾಡಿಕೊಳ್ಳದೇ ಇರೋದನ್ನು ಕಲೀತಾರೆ. ಎಕ್ಸ್‌ಟಸಿ ತಗೊಂಡು ಇಕ್ಕಟ್ಟಾದ ಜಾಗದಲ್ಲಿ ಗಂಟೆಗಟ್ಟಲೆ ಕುಣಿದರೆ ಮೈ ಕಾವು ಏರುತ್ತೆ, ಕೆಲವರು ಅದರಿಂದಲೇ ಸಾಯ್ತಾರೆ. (ಮಿತಿಮೀರಿ ನೀರು ಕುಡಿದರೂ ಅಪಾಯವೇ. ಅದನ್ನು ಹೇಳೋದಕ್ಕೂ ಅಲ್ಲಿ ತಿಳಿದವರೊಬ್ಬರು ಬೇಕು.) ನೀರು, ಗಾಳಿ, ಕೂರೋಕೆ ಜಾಗ, ಒಬ್ಬ ನರ್ಸ್: ಜೀವ ಉಳಿಸೋದು ಇವು. ಇವನ್ನು ಇಟ್ಟ ಮಾಲೀಕ 'ನನಗೆ ಗೊತ್ತಿತ್ತು' ಅಂತ ತಾನೇ ಬರೆದುಕೊಟ್ಟ ಹಾಗಾದರೆ, ಅವನು ಯಾಕೆ ಇಡ್ತಾನೆ? ಬೇಸಿಗೆಯಲ್ಲಿ ದಾರಿ ಬದಿ ಅರವಟ್ಟಿಗೆ ಇಡುವ ನಾಡಿನವನಿಗೆ ಇದು ಅರ್ಥವಾಗೋದು ಕಷ್ಟ. ಇಂಗ್ಲೆಂಡಿನಲ್ಲಿ 2010ರಿಂದ, ಅಂಗಡಿಯೊಳಗೆ ಕುಡಿಯಲು ಮದ್ಯ ಕೊಡುವ ಜಾಗಗಳು ಕೇಳಿದವರಿಗೆ ನಲ್ಲಿ ನೀರು ಪುಕ್ಕಟೆ ಕೊಡಲೇಬೇಕು ಅಂತ ನಿಯಮ ಇದೆ. ಅದೂ ಕಾನೂನೇ ತಾನೇ?

ಹಾಗಂತ ಇಂಗ್ಲೆಂಡಿನವರು ಭಾರೀ ಜಾಣರು ಅಂತಲ್ಲ. ಲಂಡನ್ನಿನ ಫ್ಯಾಬ್ರಿಕ್ ಕ್ಲಬ್ಬಿಗೆ ಹೋಗಿದ್ದ 18 ವರ್ಷದ ಇಬ್ಬರು ಹುಡುಗರು 2016ರಲ್ಲಿ ಡ್ರಗ್ಸ್‌ನಿಂದ ತೀರಿಕೊಂಡಾಗ, ಆ ಸೆಪ್ಟೆಂಬರಿನಲ್ಲಿ ಲೈಸೆನ್ಸನ್ನೇ ಕಿತ್ತುಕೊಂಡರು. ಅದಕ್ಕೂ ಹಿಂದಿನ ವರ್ಷವಷ್ಟೇ ನ್ಯಾಯಾಧೀಶರೊಬ್ಬರು ಅದೇ ಕ್ಲಬ್ಬಿನ ಕಟ್ಟುನಿಟ್ಟನ್ನು ಮೆಚ್ಚಿದ್ದರು. ನವೆಂಬರಿನಲ್ಲಿ ಬಿಗಿ ಷರತ್ತುಗಳೊಂದಿಗೆ ರಾಜಿಯಾಯ್ತು, ಆಮೇಲೆ ಕ್ಲಬ್ಬು ಮತ್ತೆ ತೆರೆಯಿತು. ಆ ಹುಡುಗರ ತಾಯಂದಿರ ಎದುರು ನಿಂತು ಕ್ಲಬ್ಬಿನ ಪರ ಮಾತಾಡೋದು ನನ್ನಿಂದ ಆಗದ ಕೆಲಸ, ಒಪ್ಪುತ್ತೇನೆ. ಪಾಲು ತಗೊಂಡು ಮಾರಾಟಕ್ಕೆ ಬಿಡುವ ಮಾಲೀಕರೂ ಇದ್ದಾರೆ. ಅಂಥವರನ್ನು ಒಳಗೆ ಹಾಕಲಿ, ನನ್ನ ಅಭ್ಯಂತರ ಇಲ್ಲ. ಆದರೆ ಬಾಗಿಲು ಮುಚ್ಚಿದ ಮಾತ್ರಕ್ಕೆ ಆ ಮಾತ್ರೆ ಊರು ಬಿಟ್ಟು ಹೋಗಲ್ಲ. ಯಾರದೋ ತೋಟದ ಮನೆಗೆ, ಖಾಲಿ ಗೋಡೌನಿಗೆ ಹೋಗುತ್ತೆ. ಅಲ್ಲಿ ಬಾಗಿಲಲ್ಲಿ ತಪಾಸಣೆಯೂ ಇಲ್ಲ, ನರ್ಸೂ ಇಲ್ಲ.

ನಮ್ಮ ಎನ್‌ಡಿಪಿಎಸ್ ಕಾಯ್ದೆಯಲ್ಲೂ, 1985ರದ್ದು, 25ನೇ ಸೆಕ್ಷನ್ ಇಂಥದ್ದೇ. ಗೊತ್ತಿದ್ದೂ ಜಾಗ ಬಿಟ್ಟುಕೊಟ್ಟವನಿಗೆ ಆ ಅಪರಾಧ ಮಾಡಿದವನಷ್ಟೇ ಶಿಕ್ಷೆ. 'ಗೊತ್ತಿದ್ದೂ' ಅನ್ನೋ ಪದ ಅಲ್ಲಿರೋದು ಸರಿಯೇ. ಅದಕ್ಕೆ ಯಾವುದನ್ನು ಸಾಕ್ಷಿ ಅಂತ ಎತ್ತಿಕೊಳ್ತಾರೆ ಅನ್ನೋದರ ಮೇಲೆ, ಮಹಡಿ ಹತ್ತಬೇಕೋ ಬೇಡವೋ ಅಂತ ಮಾಲೀಕ ತೀರ್ಮಾನ ಮಾಡ್ತಾನೆ.

ಮೊನ್ನೆ ತಂಗಿ ಮಗನ ಕಾರ್ಯಕ್ರಮಕ್ಕೆ ಹೋಗಿದ್ದೆ. ಹತ್ತು ನಿಮಿಷ ಕೂತೆ, ಎದೆಯೆಲ್ಲ ದಬ ದಬ. ಬಾಗಿಲ ಹತ್ತಿರ ಒಂದು ಸ್ಟೀಲ್ ಡ್ರಮ್ಮಿನಲ್ಲಿ ನೀರು, ಪಕ್ಕದಲ್ಲಿ ಪೇಪರ್ ಲೋಟ. ಎರಡು ಲೋಟ ಕುಡಿದು ಮನೆಗೆ ಬಂದೆ.