ಗೃಹಾಲಂಕಾರವೂ ಕಾಯಕವೂ

ಹೊಸದಾಗಿ ಕಟ್ಟಿದ ಮನೆಗಳಲ್ಲಿ ಈಗ ಒಂದು ನೋಟ ಸಾಮಾನ್ಯವಾಗಿದೆ. ನುಣುಪಾದ ಗೋಡೆಯ ಮೇಲೆ ಬಣ್ಣ ಬಳಿದ ಬಿದಿರಿನ ಮೊರವು ತೂಗುತ್ತಿರುತ್ತದೆ. ಬುಟ್ಟಿಯೊಂದು ಬೋರಲಾಗಿ ವಿದ್ಯುದ್ದೀಪಕ್ಕೆ ಮುಸುಕಾಗಿರುತ್ತದೆ. ಹಳೆಯ ಸೀರೆಗಳ ತುಂಡುಗಳನ್ನು ಕೂಡಿಸಿ ಹೊಲಿದ ಕೌದಿಯು ಗಾಜಿನ ಚೌಕಟ್ಟನ್ನು ಸೇರಿರುತ್ತದೆ. ನೋಡಲು ಚೆನ್ನಾಗಿಯೇ ಇದೆ. ಆದರೆ ಕೇರಬೇಕಾದ ಮೊರವು ಕೇರದೆ, ಹೊದೆಯಬೇಕಾದ ಕೌದಿಯು ಚಳಿಯನ್ನು ಕಳೆಯದೆ ಗೋಡೆಯನ್ನೇರಿದಾಗ, ಅವನ್ನು ಮಾಡಿದವರ ಕಾಯಕಕ್ಕೆ ಸಂದದ್ದು ಗೌರವವೋ ಅಗೌರವವೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಉತ್ತರವು ಸುಲಭವೆಂದು ತೋರಬಹುದು. ಶರಣರಲ್ಲಿ ಮೇದಾರ ಕೇತಯ್ಯನು ಬಿದಿರು ಹೆಣೆದನು, ಜೇಡರ ದಾಸಿಮಯ್ಯನು ಬಟ್ಟೆ ನೇಯ್ದನು. ಅವು ಬಳಕೆಯ ವಸ್ತುಗಳು; ಬಳಕೆ ತಪ್ಪಿದರೆ ಉಳಿಯುವುದು ಆಡಂಬರವೇ ಎಂದು ಹೇಳಿಬಿಡಬಹುದು.

ಆದರೆ ಕಲ್ಯಾಣದ ನೆರೆಯ ಬೀದರಿನ ಕಸಬೇ ಈ ತೀರ್ಪಿಗೆ ಅಡ್ಡ ಬರುತ್ತದೆ. ಒಂದು ಪಾಲು ತಾಮ್ರಕ್ಕೆ ಸುಮಾರು 16 ಪಾಲು ಸತುವನ್ನು ಬೆರೆಸಿ, ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ನಯಗೊಳಿಸುವರು. ಗೆರೆ ಕಾಣಲೆಂದು ಮೈಲುತುತ್ತದ ನೀರಿನಿಂದ ಮೈಯನ್ನು ಕ್ಷಣಕಾಲಕ್ಕೆ ಕಪ್ಪಾಗಿಸಿ, ಉಳಿಯಿಂದ ಬಳ್ಳಿಗಳನ್ನು ಕೊರೆದು, ಆ ಕೊರೆತದಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುವರು. ಕೊನೆಗೆ ಬೀದರ ಕೋಟೆಯ ಮಣ್ಣನ್ನು ನವಸಾಗರದೊಡನೆ ಕಲಸಿ, ಬಿಸಿಮಾಡಿದ ಪಾತ್ರೆಗೆ ಉಜ್ಜಿದಾಗ ಲೋಹವು ಕಾಡಿಗೆಯಂತೆ ಕಪ್ಪಾಗುತ್ತದೆ. ಬೆಳ್ಳಿಯೊಂದು ಮಾತ್ರ ಬೆಳ್ಳಗೆ ಉಳಿಯುತ್ತದೆ. ಇದು ಮೊದಲಿನಿಂದಲೂ ಸಿರಿವಂತರ ಮನೆಗೆಂದೇ ಬೆಳೆದ ಕಲೆ. ಆಸ್ಥಾನಗಳು ಹೋದವು, ಹುಕ್ಕಾದ ಬಳಕೆಯೂ ಅಡಗಿತು. ಹುಕ್ಕಾದ ಬುಡವನ್ನು ಮಾಡುತ್ತಿದ್ದ ಕೈಗಳು ಹೂದಾನಿಯನ್ನೂ ಪೆಟ್ಟಿಗೆಯನ್ನೂ ಮಾಡತೊಡಗಿದುದರಿಂದಲೇ ಈ ವಿದ್ಯೆ ಬದುಕಿತು. ಅದನ್ನು ಆಡಂಬರವೆಂದು ಜರೆಯುವುದು ದುಡಿದವನನ್ನೇ ಜರೆದಂತಾಗುವುದಿಲ್ಲವೆ?

ಆದುದರಿಂದ ದೋಷವು ರೂಪ ಬದಲಾದುದರಲ್ಲಿಲ್ಲ, ಕೊಡುಕೊಳ್ಳುವ ರೀತಿಯಲ್ಲಿದೆ. ಅಂಗಡಿಯಲ್ಲಿ ಚೀಟಿಯ ಮೇಲೆ ಬರೆದ ಬೆಲೆಯನ್ನು ಮಾತಿಲ್ಲದೆ ತೆರುವ ಗೃಹಸ್ಥನು, ಸಂತೆಯಲ್ಲಿ ನೆಲದ ಮೇಲೆ ಕುಳಿತ ಮೇದಾರನೊಡನೆ ಹತ್ತು ರೂಪಾಯಿಗಾಗಿ ಚೌಕಾಸಿ ಮಾಡುತ್ತಾನೆ. ಅದೇ ಬುಟ್ಟಿ ಪಟ್ಟಣದ ದೀಪದಡಿ ಬಂದಾಗ ಹಲವು ಪಟ್ಟು ಬೆಲೆಗೆ ಕೊಂಡು, ಜನಪದ ಕಲೆಯನ್ನು ಉಳಿಸಿದೆನೆಂದು ಅತಿಥಿಗಳಿಗೆ ತೋರಿಸುತ್ತಾನೆ. ಉಳಿದದ್ದು ಕಲೆಯೋ ನಡುವಿನವನ ಲಾಭವೋ, ವಿಚಾರಿಸುವವರು ವಿರಳ.

ಇಲ್ಲಿ ನುಲಿಯ ಚಂದಯ್ಯನ ಕಥೆ ನೆನಪಿಗೆ ಬಾರದಿರದು. ಹುಲ್ಲು ಕೊಯ್ಯುವಾಗ ಕೊರಳ ಲಿಂಗವು ನೀರಿಗೆ ಬಿದ್ದಿತು. ಆತನು ಅದನ್ನೆತ್ತದೆ ತನ್ನ ಕಾಯಕಕ್ಕೆ ನಡೆದನು. ಬೆನ್ನಟ್ಟಿ ಬಂದ ಲಿಂಗಕ್ಕೆ ಮಡಿವಾಳ ಮಾಚಯ್ಯನ ಮಧ್ಯಸ್ಥಿಕೆಯಲ್ಲಿ ಹಗ್ಗ ಮಾರುವ ಕೆಲಸ ದೊರೆಯಿತು. ಲಿಂಗವು ಮಾರಿ ತಂದ ಹೊನ್ನು ಹಗ್ಗದ ಬೆಲೆಗೆ ಮೀರಿದುದಾಗಿತ್ತು. ಚಂದಯ್ಯನು ಅದನ್ನೊಪ್ಪಲಿಲ್ಲವೆಂದು ಪರಂಪರೆಯು ಹೇಳುತ್ತದೆ. ಈ ಕಥೆಯ ಅಲಗು ಎರಡೂ ಕಡೆ ಹರಿತವಾಗಿದೆ. ಕಡಿಮೆ ಕೊಡುವವನು ಕಾಯಕವನ್ನು ಕದಿಯುತ್ತಾನೆ, ನಿಜ. ಮರುಕದಿಂದ ಹೆಚ್ಚು ಕೊಡುವವನೂ ದುಡಿದವನನ್ನು ಭಿಕ್ಷುಕನ ಸಾಲಿಗೆ ಇಳಿಸುತ್ತಾನೆ. ಎಷ್ಟು ದಿನದ ದುಡಿಮೆ, ಬೆಳ್ಳಿಯೋ ಬಿದಿರೋ ಎಷ್ಟು ಹಿಡಿಯಿತು ಎಂದು ಮಾಡಿದವನನ್ನೇ ಕೇಳಿ ತಿಳಿಯುವುದು ಕಷ್ಟವೇನಲ್ಲ, ಸಂಕೋಚವೊಂದೇ ಅಡ್ಡಿ.

ಗೋಡೆಯ ಮೊರದ ಬಗೆಗೆ ಇನ್ನೊಂದು ಮಾತುಂಟು. ಕೇರುವ ಮೊರವು ಸವೆಯುತ್ತಿತ್ತು. ಸವೆದುದರಿಂದಲೇ ಮೇದಾರನ ಮನೆಯ ಒಲೆ ಮತ್ತೆ ಉರಿಯುತ್ತಿತ್ತು. ಗೋಡೆಯ ಮೊರಕ್ಕೆ ಸವೆತವಿಲ್ಲ. ಅದನ್ನು ಕೊಂಡವನು ಮತ್ತೊಮ್ಮೆ ಸಂತೆಗೆ ಬರುವುದಿಲ್ಲ. ಈ ದೃಷ್ಟಿಯಿಂದ ನವಲಗುಂದದ ಸ್ತ್ರೀಯರು ನೇಯ್ದ ಜಮಖಾನೆಯನ್ನು ಗೋಡೆಗೆ ಬಿಗಿಯದೆ ನೆಲಕ್ಕೇ ಹಾಸಿ, ಅದರ ಮೇಲೆ ನೆಂಟರನ್ನು ಕುಳ್ಳಿರಿಸಿ ಊಟಕ್ಕಿಡುವ ಮನೆಗಳು ಮೆಚ್ಚತಕ್ಕವು. ಅಲ್ಲಿ ಮಕ್ಕಳು ಅದರ ಮೇಲೆ ಓಡಾಡುತ್ತಾರೆ, ಅಂಚು ಹರಿಯುತ್ತದೆ, ಬಣ್ಣ ಮಾಸುತ್ತದೆ. ಕೆಲವು ವರ್ಷಗಳಿಗೊಮ್ಮೆ ಮನೆಯವರು ಮಗ್ಗದವರ ಬಾಗಿಲನ್ನು ಮತ್ತೆ ಹುಡುಕಿಕೊಂಡು ಹೋಗುತ್ತಾರೆ.